‘ಬೆನ್ನು ನೇರ ಮಾಡಿ’ ಎಂದರೇನು ಎಂದು ಕಲಿತ ಎಂಟು ತಿಂಗಳು

ಬೆಳಗಿನ ಐದೂವರೆ. ಹಾಸಿಗೆಯಿಂದ ಎದ್ದು ಹತ್ತು ನಿಮಿಷವೂ ಆಗಿರಲಿಲ್ಲ. ಚಾಪೆ ಹಾಸಿ, ಕಾಲು ಚಾಚಿ ಕೂತು ಪಶ್ಚಿಮೋತ್ತಾನಾಸನಕ್ಕೆ ಬಗ್ಗಿದೆ. ಆರು ವರ್ಷಗಳಿಂದ ದಿನವೂ ಮಾಡುತ್ತಿದ್ದ ಆಸನ. ಕಾಲಿನ ಹೆಬ್ಬೆರಳು ಹಿಡಿದು, ಹಣೆ ಮಂಡಿಗೆ ತಾಗಲೆಂದು ಇನ್ನೊಂದಿಷ್ಟು ಎಳೆದೆ. ಸೊಂಟದ ಕೆಳಗೆ ಎಡಗಡೆ ಚಳಕು ಹೊಡೆದಂತಾಯಿತು. ಮೇಲೇಳಲು ಆಗಲಿಲ್ಲ. ಪಕ್ಕಕ್ಕೆ ಉರುಳಿ, ಮಂಡಿ ಮಡಚಿ, ಗೋಡೆ ಹಿಡಿದು ನಿಲ್ಲುವಷ್ಟರಲ್ಲಿ ಮೈಯೆಲ್ಲ ಬೆವರಿತ್ತು.

ಎರಡು ವಾರ ಕಳೆದರೂ ಎಡಗಾಲಿನ ಹಿಂಬದಿಯ ಎಳೆತ ಹೋಗಲಿಲ್ಲ. ಮೂಳೆ ವೈದ್ಯರ ಹತ್ತಿರ ಹೋದೆ. ಅವರು ನೋವಿನ ಬಗ್ಗೆ ಕೇಳುವ ಮೊದಲೇ ಬೇರೆ ಪ್ರಶ್ನೆ ಹಾಕಿದರು. ಪಾದ ಎತ್ತಲು ಆಗುತ್ತದೆಯೇ? ತೊಡೆಸಂದಿಯ ಸುತ್ತ ಮರಗಟ್ಟಿದೆಯೇ? ಮೂತ್ರ ಕಟ್ಟುವುದು, ಇಲ್ಲವೇ ತಡೆಯಲಾಗದೆ ಹೋಗುವುದು ಆಗಿದೆಯೇ? ಬೆನ್ನುಹುರಿ ಬೆನ್ನುಮೂಳೆಯ ಕೊನೆಯವರೆಗೂ ಇರುವುದಿಲ್ಲ. ಸೊಂಟದ ಒಂದನೆಯ, ಎರಡನೆಯ ಕಶೇರುಕದ, ಅಂದರೆ ಬೆನ್ನುಮೂಳೆಯ ಮಣಿಯ, ಹತ್ತಿರ ಅದು ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದ ಹಾಗೆ ನರಗಳ ಗೊಂಚಲು ಇಳಿಯುತ್ತದೆ. ಆ ಗೊಂಚಲು ಒತ್ತಿಹೋದರೆ ಇಂಥ ಲಕ್ಷಣ ಕಾಣುತ್ತವೆ, ಹಾಗಾದಾಗ ಒಂದು ದಿನವೂ ಕಾಯಬಾರದು. ನನಗೆ ಇವು ಯಾವುವೂ ಇರಲಿಲ್ಲ.

ಎಂ.ಆರ್.ಐ. ವರದಿಯಲ್ಲಿ ಎಲ್4, ಎಲ್5 (ಸೊಂಟದ ನಾಲ್ಕನೆಯ, ಐದನೆಯ ಮಣಿ) ನಡುವಿನ ಡಿಸ್ಕ್ ಉಬ್ಬಿದೆ ಎಂದಿತ್ತು. ಆ ಒಂದು ಸಾಲು ನನ್ನನ್ನು ಎಷ್ಟು ಹೆದರಿಸಿತೆಂದರೆ ಕೆಳಗೆ ಬಿದ್ದ ಪೆನ್ನು ಎತ್ತಲೂ ಬೇರೆಯವರನ್ನು ಕರೆಯುವಂತಾಯಿತು. ವೈದ್ಯರು ಸಮಾಧಾನ ಹೇಳಿದರು: “ನೋವೇ ಇಲ್ಲದವರಲ್ಲೂ ಇದು ಕಾಣುತ್ತೆ.” ಕೇಳಿದಾಗ ಬರೀ ಧೈರ್ಯ ತುಂಬುವ ಮಾತು ಅನ್ನಿಸಿತ್ತು. ಆಮೇಲೆ ಓದಿದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆನ್ನುನೋವಿಲ್ಲದ 98 ಜನರ ಎಂ.ಆರ್.ಐ. ತೆಗೆದಿದ್ದರು. ಅವರಲ್ಲಿ ಶೇಕಡಾ 52ರಷ್ಟು ಮಂದಿಗೆ ಒಂದಲ್ಲ ಒಂದು ಕಡೆ ಡಿಸ್ಕ್ ಉಬ್ಬಿತ್ತು. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಮೂಲ ಅಲ್ಲ ಎಂದು ತಿಳಿದ ಮೇಲೆಯೇ ನಾನು ಮತ್ತೆ ಪೆನ್ನು ಎತ್ತಿದ್ದು.

ಆರು ವಾರಗಳ ನಂತರ, ವೈದ್ಯರ ಒಪ್ಪಿಗೆ ಪಡೆದು, ಹೊಸ ಶಿಕ್ಷಕಿಯ ಬಳಿ ಹೋದೆ. ಫಿಸಿಯೋಥೆರಪಿ ಓದಿ ಆಮೇಲೆ ಯೋಗ ಕಲಿಸಲು ಬಂದವರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ತರಗತಿಯ ಮೂಲೆಯಲ್ಲಿ ಆಳೆತ್ತರದ ಅಸ್ಥಿಪಂಜರದ ಮಾದರಿಯೊಂದು ನಿಂತಿರುತ್ತದೆ. ಮೊದಲ ದಿನ ನೋವು ಬಂದ ಆಸನವನ್ನು ಎಷ್ಟು ಸಾಧ್ಯವೋ ಅಷ್ಟೇ ತೋರಿಸಿ ಎಂದರು. ಅಳುಕುತ್ತಲೇ ಅರ್ಧ ಬಗ್ಗಿದೆ. ಅವರ ಬೆರಳು ನನ್ನ ಬೆನ್ನ ಮೇಲೆ ಕತ್ತಿನಿಂದ ಕೆಳಕ್ಕೆ ಜಾರುತ್ತಾ ಬಂದು ಸೊಂಟದ ಹತ್ತಿರ ನಿಂತಿತು.

“ಇಲ್ಲಿ ಎರಡು ಮಣಿ ಹೊರಗೆ ಚಾಚಿವೆ. ಮುಷ್ಟಿ ಕಟ್ಟಿದಾಗ ಬೆರಳಿನ ಗಿಣ್ಣು ಕಾಣುತ್ತಲ್ಲ, ಹಾಗೆ. ಮೇಲಿನವು ಅಲ್ಲಾಡೇ ಇಲ್ಲ, ಕೆಳಗೆ ಸೊಂಟದ ಕಟ್ಟೂ ಅಲ್ಲಾಡಿಲ್ಲ. ಬಗ್ಗೋ ಕೆಲಸ ಪೂರ್ತಿ ಈ ಎರಡೇ ಮಾಡ್ತಿವೆ.”

ಆರು ವರ್ಷ ನಾನು ಬಗ್ಗುತ್ತಿದ್ದದ್ದು ಆ ಎರಡು ಮಣಿಗಳ ನಡುವಿನ ಸಂದಿಯಲ್ಲಿ. ಇದನ್ನು ಯಾರೂ ಮುಟ್ಟಿ ಹೇಳಿರಲಿಲ್ಲ.

ಆ ವಾರವಿಡೀ ಆಸನ ಹೇಳಿಕೊಡಲಿಲ್ಲ. ಕಲಿತದ್ದು ಬೆರಳುಗಳು. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಉಬ್ಬಿ ಸಿಗುವುದು ಸಾಮಾನ್ಯವಾಗಿ ಕತ್ತಿನ ಏಳನೆಯ ಮಣಿ. ಕೈ ಇಳಿಬಿಟ್ಟು ನಿಂತಾಗ ಹೆಗಲೆಲುಬಿನ ಕೆಳತುದಿ ಇರುವ ಮಟ್ಟದಲ್ಲಿ ಎದೆಭಾಗದ ಏಳನೆಯದು ಹೆಚ್ಚುಕಡಿಮೆ ಸಿಗುತ್ತದೆ. ಸೊಂಟದ ಮೇಲೆ ಎರಡೂ ಕೈ ಇಟ್ಟರೆ ಅಂಗೈಗೆ ತಾಗುವ ಮೂಳೆಯ ಅಂಚಿನ ಮಟ್ಟದಲ್ಲಿ ಎಲ್4. ಅದರ ಕೆಳಗೆ, ಕೆಲವರಲ್ಲಿ ಎರಡು ಗುಳಿಗಳಾಗಿ ಕಾಣುವ ಜಾಗ ತ್ರಿಕಾಸ್ಥಿಯದು. ಕತ್ತಿನಲ್ಲಿ 7, ಎದೆಯಲ್ಲಿ 12, ಸೊಂಟದಲ್ಲಿ 5, ಒಟ್ಟು 24 ಮಣಿ ಬಿಡಿಬಿಡಿಯಾಗಿ ಅಲ್ಲಾಡುತ್ತವೆ. ಅದರ ಕೆಳಗೆ ಐದು ಬೆಸೆದು ಒಂದೇ ತ್ರಿಕಾಸ್ಥಿ, ತುದಿಯಲ್ಲಿ ಬಾಲದೆಲುಬಿನ ಪುಟ್ಟ ಚೂರುಗಳು. ಸಂಖ್ಯೆಗಳನ್ನು ಶಾಲೆಯಲ್ಲೇ ಓದಿದ್ದೆ. ಸ್ವಂತ ಬೆನ್ನಿನಲ್ಲಿ ಒಂದೊಂದಾಗಿ ಮುಟ್ಟಿ ಹುಡುಕಿದ್ದು ಇದೇ ಮೊದಲು. ಕನ್ನಡಿ ತೋರಿಸದ ಆ ಭಾಗ ಅವತ್ತಿನಿಂದ ನನಗೆ ಒಂದೇ ‘ಬೆನ್ನು’ ಆಗಿ ಉಳಿಯಲಿಲ್ಲ, ಬೇರೆಬೇರೆ ಊರುಗಳಿರುವ ದಾರಿಯಾಯಿತು.

ಎರಡನೆಯ ವಾರ ತಾಡಾಸನ, ಗೋಡೆಗೆ ಬೆನ್ನು ಕೊಟ್ಟು. ‘ಬೆನ್ನು ನೇರ ಮಾಡಿ’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೆನೋ ಲೆಕ್ಕವಿಲ್ಲ. ಅಭ್ಯಾಸಬಲದಿಂದ ಹೊಟ್ಟೆ ಒಳಗೆಳೆದು, ಪೃಷ್ಠ ಒಳಗೆ ಮಡಚಿ, ಸೊಂಟವನ್ನು ಗೋಡೆಗೆ ಒತ್ತಿ ನಿಂತೆ.

“ಇದು ನೇರ ಅಲ್ಲ, ಚಪ್ಪಟೆ,” ಎಂದರು ಮೇಡಂ. ಅಸ್ಥಿಪಂಜರವನ್ನು ಪಕ್ಕಕ್ಕೆ ತಿರುಗಿಸಿ ತೋರಿಸಿದರು. ಕತ್ತಿನಲ್ಲಿ ಮುಂದಕ್ಕೆ ಬಾಗು, ಎದೆಯಲ್ಲಿ ಹಿಂದಕ್ಕೆ, ಸೊಂಟದಲ್ಲಿ ಮತ್ತೆ ಮುಂದಕ್ಕೆ, ತ್ರಿಕಾಸ್ಥಿಯಲ್ಲಿ ಮತ್ತೆ ಹಿಂದಕ್ಕೆ. ಹುಟ್ಟಿದ ಮಗುವಿನ ಬೆನ್ನು ಇಡೀ ಒಂದೇ ಕಮಾನು. ಮಗು ತಲೆ ಎತ್ತಿ ನಿಲ್ಲಿಸತೊಡಗಿದಾಗ ಕತ್ತಿನ ಬಾಗು ಗಟ್ಟಿಯಾಗುತ್ತದೆ. ಎದ್ದು ನಿಂತು ಹೆಜ್ಜೆ ಇಡತೊಡಗಿದಾಗ ಸೊಂಟದ್ದು. ನಾವು ನಿಲ್ಲಲು ಕಲಿತದ್ದೇ ಆ ಬಾಗುಗಳಿಂದ. ಅವನ್ನೇ ನಾನು ಶಿಸ್ತಿನ ಹೆಸರಿನಲ್ಲಿ ಅಳಿಸಲು ನೋಡುತ್ತಿದ್ದೆ.

ಗೋಡೆಯ ಪಾಠ ಸರಳವಾಗಿತ್ತು. ತಲೆಯ ಹಿಂಬದಿ, ಹೆಗಲೆಲುಬುಗಳ ನಡು, ತ್ರಿಕಾಸ್ಥಿ, ಈ ಮೂರು ಗೋಡೆಗೆ ಹತ್ತಿರ. ಕತ್ತಿನ ಹಿಂದೆ, ಸೊಂಟದ ಹಿಂದೆ ಅಂಗೈ ತೂರುವಷ್ಟು ಸಂದು. ಆ ಸಂದು ಎಷ್ಟಿರಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಅಳತೆಯಿಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಧ್ಯಾನಕ್ಕೆ ಕೂರುವ ಬಗೆ ಹೇಳುವಾಗ ‘ಸಮಂ ಕಾಯಶಿರೋಗ್ರೀವಂ’ ಎಂಬ ಮಾತು ಬರುತ್ತದೆ: ಮೈ, ತಲೆ, ಕತ್ತು ಸಮವಾಗಿರಲಿ. ಆ ‘ಸಮ’ವನ್ನು ನಾನು ‘ಕೋಲಿನ ಹಾಗೆ’ ಎಂದು ಓದಿಕೊಂಡಿದ್ದೆ. ಒಂದರ ತೂಕ ಇನ್ನೊಂದರ ಮೇಲೆ ಸರಿಯಾಗಿ ಕೂರುವುದು ಎಂದು ಈಗ ಓದಿಕೊಳ್ಳುತ್ತೇನೆ. ನಾಲ್ಕೈದು ಕಿಲೋ ತೂಗುವ ತಲೆ ಎದೆಗೂಡಿನ ಮೇಲೆ ಕೂತರೆ ಕತ್ತಿನ ಸ್ನಾಯುಗಳಿಗೆ ಕೆಲಸ ಕಡಿಮೆ. ಮುಂದಕ್ಕೆ ವಾಲಿದರೆ ದಿನವಿಡೀ ಅದನ್ನು ಅವೇ ಹಿಡಿದು ನಿಲ್ಲಿಸಬೇಕು.

ಇನ್ನು ದಂಡಾಸನ. ನನ್ನ ನೋವಿನ ಬೇರು ಸಿಕ್ಕಿದ್ದು ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಾಲು ಚಾಚಿ ಕೂತರೆ ನನ್ನ ಸೊಂಟ ಹಿಂದಕ್ಕೆ ಕುಸಿಯುತ್ತಿತ್ತು. ಬೆನ್ನಿನಲ್ಲಿ ಬಲವಿಲ್ಲ ಎಂದುಕೊಂಡು ಬೆನ್ನನ್ನೇ ಬಿಗಿದು ಎಳೆಯುತ್ತಿದ್ದೆ. ಮೇಡಂ ಒಂದೇ ಮಾತು ಹೇಳಿದರು: “ಮಂಡಿ ಸ್ವಲ್ಪ ಮಡಚಿ.” ಮಡಚಿದೆ. ಬೆನ್ನು ತಾನಾಗಿ ಎದ್ದು ನಿಂತಿತು! ಮಂಡಿ ಚಾಚಿದೆ, ಕುಸಿಯಿತು. ಮಡಚಿದೆ, ಎದ್ದಿತು. ಹತ್ತು ಸಲ ಮಾಡಿ ನೋಡಿದೆ. ಬೆನ್ನಿಗೆ ಏನೂ ಮಾಡದೆ ಬೆನ್ನು ಬದಲಾಗುತ್ತಿತ್ತು.

ಕಾರಣ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು. ಅವುಗಳ ಮೇಲಿನ ತುದಿ ಅಂಟಿರುವುದು ನಾವು ಕೂರುವ ಮೂಳೆಗೆ, ಕೆಳತುದಿ ಮಂಡಿಯ ಕೆಳಗೆ. ಮಂಡಿ ಚಾಚಿದಾಗ ಸ್ನಾಯು ಬಿಗಿಯಾಗಿದ್ದರೆ ಅದು ಕೂರುವ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ, ಸೊಂಟದ ಕಟ್ಟು ಹಿಂದಕ್ಕೆ ಮಗುಚುತ್ತದೆ. ತ್ರಿಕಾಸ್ಥಿ ಆ ಕಟ್ಟಿನ ಎರಡು ಮೂಳೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡಿರುತ್ತದೆ. ಅಲ್ಲಿನ ಕೀಲು ಅಲ್ಲಾಡುವುದು ಕೆಲವೇ ಡಿಗ್ರಿ. ಆದ್ದರಿಂದ ಕಟ್ಟು ಮಗುಚಿದರೆ ತ್ರಿಕಾಸ್ಥಿಯೂ ಮಗುಚುತ್ತದೆ, ಅದರ ಮೇಲೆ ಕೂತ ಸೊಂಟದ ಮಣಿಗಳು ಗುಂಡಗಾಗುತ್ತವೆ. ಆ ಸ್ಥಿತಿಯಲ್ಲಿ ಕಾಲ್ಬೆರಳು ಹಿಡಿದು ಎಳೆದರೆ ಸೊಂಟದ ಕಟ್ಟು ಮುಂದಕ್ಕೆ ಬಗ್ಗಲಾರದು, ಬಗ್ಗುವ ಪಾಲೆಲ್ಲ ಡಿಸ್ಕಿಗೆ.

ಡಿಸ್ಕ್ ಎಂದರೆ ಎರಡು ಮಣಿಗಳ ನಡುವಿನ ಮೆತ್ತೆ ಎಂದಷ್ಟೇ ಗೊತ್ತಿತ್ತು. ಅದರ ಹೊರಭಾಗ ಪದರಪದರವಾದ ನಾರಿನ ಬಳೆಗಳು, ಒಂದು ಪದರದ ನಾರು ಒಂದು ಕಡೆಗೆ ಓರೆಯಾದರೆ ಮುಂದಿನದು ಇನ್ನೊಂದು ಕಡೆಗೆ. ನಡುವೆ ನೀರು ಹಿಡಿದಿಟ್ಟುಕೊಳ್ಳುವ ಲೋಳೆಯಂಥ ತಿರುಳು. ಮುಂದೆ ಬಗ್ಗಿದಾಗ ಮುಂಭಾಗ ಒತ್ತಿ ಹಿಂಭಾಗದ ನಾರು ಹಿಗ್ಗುತ್ತದೆ. ಬಗ್ಗುವುದರಲ್ಲಿ ತಪ್ಪಿಲ್ಲ, ಡಿಸ್ಕ್ ಇರುವುದೇ ಅದಕ್ಕೆ. ಆದರೆ ಒಂದೇ ಡಿಸ್ಕಿಗೆ ದಿನದಿನವೂ, ಕೈಬಲದಿಂದ, ಕೊನೆಯ ಮಿತಿಯವರೆಗೆ?

ದೊಡ್ಡವರಾದ ಮೇಲೆ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿರುವುದಿಲ್ಲ. ಹಗಲೆಲ್ಲ ಮೈಭಾರಕ್ಕೆ ನೀರು ಹಿಂಡಿಹೋಗಿ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಇದರಿಂದಲೇ ಬೆಳಿಗ್ಗೆ ನಾವು ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಇದನ್ನು ಕೇಳಿ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಒಂದು ವಾರ ಬೆಳಿಗ್ಗೆ, ರಾತ್ರಿ ಪೆನ್ಸಿಲ್ ಗುರುತು ಹಾಕಿದೆ. ನನ್ನ ವ್ಯತ್ಯಾಸ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ನೀರು ತುಂಬಿ ಬಿಗಿದ ಡಿಸ್ಕ್ ಎದ್ದ ತಕ್ಷಣ ಬಗ್ಗಿಸುವುದನ್ನು ಹೆಚ್ಚು ಪ್ರತಿರೋಧಿಸುತ್ತದೆ, ಅದರ ಮೇಲಿನ ಒತ್ತಡವೂ ಹೆಚ್ಚು. ನನಗೆ ಐದೂವರೆಯ ಆ ಬೆಳಗು ನೆನಪಾಯಿತು. ಎದ್ದು ಹತ್ತು ನಿಮಿಷ, ಮೈ ಇನ್ನೂ ಬೆಚ್ಚಗಾಗಿಲ್ಲ, ಮೊದಲ ಆಸನವೇ ಆಳವಾದ ಮುಂಬಾಗು. ಈಗ ಎದ್ದ ಮೇಲೆ ಅರ್ಧ ಗಂಟೆ ಓಡಾಡಿ, ಕೈಕಾಲು ಸಡಿಲಿಸಿ, ನಿಂತು ಮಾಡುವ ಆಸನಗಳನ್ನು ಮುಗಿಸಿದ ಮೇಲೆಯೇ ಕೂತು ಬಗ್ಗುತ್ತೇನೆ.

ಪರಿಹಾರಕ್ಕೆ ಕಂಬಳಿ ಸಾಕಾಯಿತು. ನಾಲ್ಕು ಬೆರಳು ದಪ್ಪ ಮಡಚಿ ಅದರ ಅಂಚಿನಲ್ಲಿ ಕೂತು, ಮಂಡಿಯ ಕೆಳಗೆ ಇನ್ನೊಂದು ಸುರುಳಿ. ಕಂಬಳಿ, ಬೆಲ್ಟು, ಮರದ ಇಟ್ಟಿಗೆ ಬಳಸುವುದು ಕೈಲಾಗದವರ ದಾರಿ ಎಂದು ಎಷ್ಟೋ ವರ್ಷ ನಂಬಿದ್ದೆ. ಈ ಸಲಕರಣೆಗಳನ್ನು ಯೋಗಾಭ್ಯಾಸದ ಭಾಗವಾಗಿಸಿ ಜಗತ್ತಿಗೆಲ್ಲ ತಲುಪಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಅಷ್ಟು ದೊಡ್ಡ ಸಾಧಕರು ಮೈಯನ್ನು ಆಸನಕ್ಕೆ ತಳ್ಳುವ ಬದಲು ನೆಲವನ್ನೇ ಮೈಯ ಹತ್ತಿರ ತಂದರು ಎಂಬುದರ ಬೆಲೆ ಕಂಬಳಿಯ ಮೇಲೆ ಕೂತ ದಿನ ತಿಳಿಯಿತು. ಹಿಂದೆ ನಾನು ಕಲಿತ ಕಡೆ, ಬಗ್ಗಿದವರ ಬೆನ್ನ ಮೇಲೆ ಕೈಯೂರಿ ಕೆಳಕ್ಕೆ ಒತ್ತುತ್ತಿದ್ದರು. ಒತ್ತಿಸಿಕೊಂಡ ದಿನ ಹೆಮ್ಮೆಯಿಂದ ಮನೆಗೆ ಬರುತ್ತಿದ್ದೆ. ಒತ್ತಿದವರಿಗೂ ಕೇಡು ಬಯಸುವ ಮನಸ್ಸಿರಲಿಲ್ಲ, ಆದರೂ ಆ ಕೈ ನನ್ನ ಬೆನ್ನಿನ ಮೇಲೆ ಇರಬಾರದಿತ್ತು ಎಂದು ಈಗ ಖಡಾಖಂಡಿತವಾಗಿ ಹೇಳಬಲ್ಲೆ.

ಸೊಂಟದ ಕೀಲಿನಿಂದ, ಅಂದರೆ ತೊಡೆಮೂಳೆ ಸೊಂಟದ ಕಟ್ಟಿಗೆ ಸೇರುವ ಕಡೆಯಿಂದ, ಬಗ್ಗಲು ಕಲಿಯಲು ಮೂರು ವಾರ ಹಿಡಿಯಿತು. ಉದ್ದನೆಯ ಕೋಲೊಂದನ್ನು ಬೆನ್ನಿಗೆ ಹಿಡಿದು ನಿಲ್ಲಬೇಕು: ತಲೆ, ಮೇಲ್ಬೆನ್ನು, ತ್ರಿಕಾಸ್ಥಿ ಮೂರೂ ಕೋಲಿಗೆ ತಾಗಿರಲಿ. ಮಂಡಿ ತುಸು ಸಡಿಲ. ಈಗ ಪೃಷ್ಠವನ್ನು ಹಿಂದಕ್ಕೆ ಕಳಿಸುತ್ತಾ ಮುಂದಕ್ಕೆ ವಾಲಬೇಕು. ಯಾವ ಕ್ಷಣ ತ್ರಿಕಾಸ್ಥಿ ಕೋಲು ಬಿಟ್ಟಿತೋ ಆ ಕ್ಷಣ ಸೊಂಟದ ಮಣಿಗಳು ಕೆಲಸ ಕಿತ್ತುಕೊಂಡವು ಎಂದರ್ಥ. ಮೊದಲ ದಿನ ಮೂವತ್ತು ಡಿಗ್ರಿ ವಾಲುವುದರೊಳಗೆ ಕೋಲು ಬಿಟ್ಟಿತು. ಹಲ್ಲುಜ್ಜುವಾಗ, ಬಕೆಟ್ ಎತ್ತುವಾಗ, ಚಪ್ಪಲಿ ಹಾಕುವಾಗ ಅದೇ ಅಭ್ಯಾಸ. ಚಾಪೆಯ ಮೇಲಿನ ಒಂದು ಗಂಟೆಗಿಂತ ಚಾಪೆಯ ಹೊರಗಿನ ಈ ಬಗ್ಗುವಿಕೆಗಳೇ ನನ್ನನ್ನು ಬದಲಿಸಿದವು ಎಂದು ನನ್ನ ಭಾವನೆ.

ತಿರುಚುವ ಆಸನಗಳಲ್ಲೂ ಇಂಥದೇ ತಪ್ಪು ಸಿಕ್ಕಿತು. ಅರ್ಧಮತ್ಸ್ಯೇಂದ್ರಾಸನದಲ್ಲಿ ಎರಡೂ ಪೃಷ್ಠವನ್ನು ನೆಲಕ್ಕೆ ಮೊಳೆ ಹೊಡೆದಂತೆ ಕೂರಿಸಿ, ಮೊಣಕೈಯನ್ನು ಮಂಡಿಗೆ ಸನ್ನೆಗೋಲಿನಂತೆ ಕೊಟ್ಟು ತಿರುಗುತ್ತಿದ್ದೆ. ಮಣಿಗಳ ಹಿಂಬದಿಯಲ್ಲಿ ಒಂದರೊಳಗೊಂದು ಕೂರುವ ಪುಟ್ಟ ಕೀಲುಗಳಿವೆ. ಸೊಂಟದಲ್ಲಿ ಅವುಗಳ ಮುಖ ಹೆಚ್ಚುಕಡಿಮೆ ಪಕ್ಕಗಳ ಕಡೆಗಿದ್ದು ಹಿಂದೆಮುಂದೆ ಬಾಗಲು ಬಿಡುತ್ತವೆ, ತಿರುಗಲು ಬಿಡುವುದಿಲ್ಲ. ಒಂದೊಂದು ಕೀಲಿಗೆ ಒಂದೆರಡು ಡಿಗ್ರಿ ಅಷ್ಟೆ. ಎದೆಭಾಗದಲ್ಲಿ ಮುಖ ಬೇರೆ ಕಡೆಗಿದೆ, ಅಲ್ಲಿ ತಿರುವು ಸರಾಗ. ಕತ್ತಿನಲ್ಲಂತೂ ಮೊದಲೆರಡು ಮಣಿಗಳ ನಡುವೆಯೇ ಒಟ್ಟು ತಿರುವಿನ ಅರ್ಧದಷ್ಟು ನಡೆಯುತ್ತದೆ, ಅಲ್ಲಿ ಡಿಸ್ಕೇ ಇಲ್ಲ. ಹಾಗಾದರೆ ‘ಸೊಂಟದಿಂದ ತಿರುಗಿ’ ಎಂಬ ಸೂಚನೆಗೆ ಅರ್ಥವೇನು? ಮೇಡಂ ಹೇಳಿದ ಹಾಗೆ ಒಂದು ಪೃಷ್ಠ ತುಸು ಮುಂದೆ ಜಾರಲು ಬಿಟ್ಟು, ಮೊಣಕೈ ಸನ್ನೆ ತೆಗೆದು, ಪಕ್ಕೆಲುಬುಗಳನ್ನು ತಿರುಗಿಸಿದೆ. ಕಣ್ಣಿಗೆ ತಿರುವು ಕಡಿಮೆ ಕಾಣಿಸಿತು. ಹೆಗಲೆಲುಬುಗಳ ನಡುವೆ ಮಾತ್ರ ಎಂದೂ ಅನುಭವಿಸದ ಒಂದು ಬೆಚ್ಚಗಿನ ಬಿಡುವು. ಪೃಷ್ಠ ಕದಲಲೇಬಾರದು ಎನ್ನುವ ಪಾಠಕ್ರಮಗಳೂ ಇವೆ. ನನ್ನ ಬೆನ್ನಿಗೆ ಒಗ್ಗಿದ್ದು ಇದು.

ಭುಜಂಗಾಸನವೂ ಹಾಗೆಯೇ ಚಿಕ್ಕದಾಯಿತು. ಎದೆಭಾಗದ ಮಣಿಗಳ ಹಿಂದಿನ ಮುಳ್ಳುಗಳು ಹೆಂಚು ಹೊದಿಸಿದಂತೆ ಕೆಳಮುಖವಾಗಿ ಒಂದರ ಮೇಲೊಂದು ಬರುತ್ತವೆ, ಜೊತೆಗೆ ಪಕ್ಕೆಲುಬಿನ ಗೂಡು. ಅಲ್ಲಿ ಹಿಂದಕ್ಕೆ ಬಾಗಲು ಜಾಗ ಕಡಿಮೆ. ಕೈಯಿಂದ ತಳ್ಳಿ ಎತ್ತರಕ್ಕೇರಿದರೆ ಅಷ್ಟೂ ಬಾಗು ಸೊಂಟದ ಬುಡಕ್ಕೆ ಹೋಗಿ ಕೂರುತ್ತದೆ. ಮೇಡಂ ಅಂಗೈಗಳನ್ನು ನೆಲದಿಂದ ಎರಡು ಬೆರಳು ಎತ್ತಿಸಿದರು. ಬೆನ್ನಿನ ಸ್ನಾಯುಗಳಷ್ಟೇ ಎತ್ತಬಲ್ಲ ಎತ್ತರ ನನ್ನದಾಗಿ ಉಳಿಯಿತು.

ಐದನೆಯ ತಿಂಗಳು ಒಂದು ತಪ್ಪು ಮಾಡಿದೆ. ನೋವು ಪೂರ್ತಿ ಹೋಗಿತ್ತು. ಒಂದು ರಾತ್ರಿ, ನಾಲ್ಕು ಗಂಟೆ ಕುರ್ಚಿ ಬಿಟ್ಟೇಳದೆ ಕೆಲಸ ಮಾಡಿದ ಮೇಲೆ, ಹಳೆಯ ಹಾಗೆ ಕಾಲ್ಬೆರಳು ಸಿಗುತ್ತದೆಯೋ ನೋಡೋಣ ಎಂದು ಬಗ್ಗಿದೆ. ಸಿಕ್ಕಿತು. ಮೂರು ದಿನ ಕೂರಲಾಗಲಿಲ್ಲ. ತಲೆತಗ್ಗಿಸಿಕೊಂಡು ತರಗತಿಗೆ ಹೋದಾಗ ಮೇಡಂ ಬೈಯಲಿಲ್ಲ. “ಉಸಿರು ಏನಾಗಿತ್ತು ಆಗ?” ಎಂದರು. ನೆನಪು ಮಾಡಿಕೊಂಡೆ. ಬಿಗಿ ಹಿಡಿದಿದ್ದೆ. ನೋವಾದ ಮೊದಲ ದಿನವೂ ಹಾಗೆಯೇ ಹಿಡಿದಿದ್ದೆ.

ಉಸಿರಾಟದ ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಪಕ್ಕೆಲುಬಿಗೆ ಮಾತ್ರ ಅಂಟಿಲ್ಲ, ಅದರ ಎರಡು ಕಾಲುಗಳು ಇಳಿದು ಸೊಂಟದ ಮೇಲಿನ ಮಣಿಗಳ ಮುಂಭಾಗಕ್ಕೆ ಹತ್ತಿಕೊಂಡಿವೆ ಎಂದು ಅವತ್ತು ಮಾದರಿಯ ಮೇಲೆ ತೋರಿಸಿದರು. ಪ್ರತಿ ಉಸಿರೂ ಬೆನ್ನುಮೂಳೆಯನ್ನು ಒಳಗಿನಿಂದ ಮುಟ್ಟುತ್ತದೆ. ಮಂಡಿ ಮಡಚಿ, ಹೊಟ್ಟೆಯನ್ನು ತೊಡೆಗೆ ತಾಗಿಸಿ, ಸೊಂಟದ ಹಿಂಬದಿ ಉಬ್ಬಿ ಇಳಿಯುವುದನ್ನು ಗಮನಿಸುತ್ತಾ ಉಸಿರಾಡಿದೆ. ಉಸಿರು ಅಲ್ಲಿಗೆ ತಲುಪದಿದ್ದರೆ ಆ ದಿನಕ್ಕೆ ಬಾಗು ಹೆಚ್ಚಾಯಿತು ಎಂದು ಲೆಕ್ಕ. ಇದಕ್ಕಿಂತ ನಂಬಿಗಸ್ತ ಅಳತೆ ನನಗೆ ಸಿಕ್ಕಿಲ್ಲ.

ಒಂದು ವಿಷಯ ನನ್ನನ್ನು ಬಹಳ ಕಾಡಿತ್ತು. ಕನ್ನಡಿಯಲ್ಲಿ ನನ್ನ ಬಲ ಹೆಗಲು ತುಸು ಕೆಳಗಿದೆ, ತ್ರಿಕೋನಾಸನ ಎರಡೂ ಬದಿಗೆ ಒಂದೇ ತರ ಬರುವುದಿಲ್ಲ. ಎಕ್ಸ್‌ರೇಯಲ್ಲಿ ಅಳೆದಾಗ ಪಕ್ಕಕ್ಕಿರುವ ವಾಲು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ನನ್ನದು ಅದಕ್ಕಿಂತ ಕಡಿಮೆ. ತೊಡೆಮೂಳೆ ಕೂರುವ ಕುಳಿಯ ಆಳ, ಅದರ ಮುಖ ಒಬ್ಬೊಬ್ಬರಿಗೆ ಒಂದೊಂದು ತರ, ಕೆಲವೊಮ್ಮೆ ಎಡಬಲಕ್ಕೂ ಬೇರೆ. ಮೂಳೆ ಮೂಳೆಗೆ ತಾಗಿ ನಿಂತ ಕಡೆ ಎಷ್ಟು ವರ್ಷ ಸಾಧನೆ ಮಾಡಿದರೂ ಮುಂದೆ ಹೋಗದು. “ಫೋಟೋದಲ್ಲಿರೋರ ಮೂಳೆ ನಿಮ್ಮದಲ್ಲ,” ಎಂದರು ಮೇಡಂ. ಎರಡೂ ಬದಿಯನ್ನು ಕನ್ನಡಿಯಂತೆ ಒಂದೇ ಮಾಡಲು ಹೊರಡುವುದನ್ನು ಅವತ್ತೇ ಬಿಟ್ಟೆ. ಈಗ ತ್ರಿಕೋನಾಸನದಲ್ಲಿ ಬಲಕ್ಕೆ ಎತ್ತರದ ಇಟ್ಟಿಗೆ, ಎಡಕ್ಕೆ ಗಿಡ್ಡದ್ದು.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ತರಗತಿಯ ಕೊನೆಗೆ ಪಶ್ಚಿಮೋತ್ತಾನಾಸನ ಬಂತು. ಕಂಬಳಿಯ ಮೇಲೆ ಕೂತೆ, ಮಂಡಿ ಸಡಿಲಿಸಿದೆ, ಕೂರುವ ಮೂಳೆಗಳನ್ನು ಹಿಂದಕ್ಕೆ ಕಳಿಸಿದೆ. ಹೊಟ್ಟೆ ಮೊದಲು ತೊಡೆಗೆ ತಾಗಿತು, ಆಮೇಲೆ ಎದೆ ಇಳಿಯಿತು. ಕೈ ಮೀನಖಂಡದ ಹತ್ತಿರ ನಿಂತಿತು. ಕಾಲ್ಬೆರಳಿಗೆ ಇನ್ನೂ ಒಂದು ಗೇಣು. ಸೊಂಟದ ಹಿಂಬದಿಯವರೆಗೆ ಉಸಿರು ಹೋಗಿ ಬರುತ್ತಿತ್ತು.

ಮೇಡಂ ಬಂದು ಪಕ್ಕದಲ್ಲಿ ಕೂತರು. ಮೊದಲ ದಿನದ ಹಾಗೆಯೇ ಅವರ ಬೆರಳು ಕತ್ತಿನ ಬುಡದಿಂದ ಜಾರುತ್ತಾ ಬಂತು. ಸೊಂಟದ ಹತ್ತಿರ ನಿಧಾನವಾಯಿತು, ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು.

“ಆ ಎರಡು ಮಣಿ ಯಾವುವು ಅಂತ ಹುಡುಕ್ತಿದೀನಿ,” ಎಂದರು. ಸ್ವಲ್ಪ ಹೊತ್ತು ಹುಡುಕಿ, ಕೈ ತೆಗೆದು, ಮುಂದಿನವರ ಚಾಪೆಯ ಹತ್ತಿರ ಹೋದರು.